ಇಟಲಿಯ ದತ್ತಣ್ಣ ಭಾವಿಕೇರಿಯಲ್ಲಿ

ನನಗೆ ಇದ್ದ ಚಟ ಎರಡು. ಒಂದು, ಊಟವಾದ ಮೇಲೆ ಎಲೆ ಅಡಿಕೆ. ಇನ್ನೊಂದು, ಇಟಲಿಯಲ್ಲಿ ನಡೆಯುವ ಕೊಲೆ. ಮೊದಲನೆಯದನ್ನು ಡಾಕ್ಟರರು ಬಿಡಿಸಿದರು. ಎರಡನೆಯದಕ್ಕೆ ಅವರ ಹತ್ತಿರ ಔಷಧ ಇದ್ದ ಹಾಗಿಲ್ಲ.

ಪತ್ತೇದಾರಿ ಪುಸ್ತಕವನ್ನು ಯಾರೇ ತಂದು ಕೊಡಲಿ, ನಾನು ಮೊದಲು ಎರಡು ಪುಟ ತಿರುವಿ ಊರು ಯಾವುದೆಂದು ನೋಡಿಕೊಳ್ಳುತ್ತೇನೆ. ಲಂಡನ್ ಆದರೆ ಬದಿಗಿಡುತ್ತೇನೆ. ಅಮೆರಿಕ ಆದರೆ ಮೊಮ್ಮಗಳಿಗೆ ದಾಟಿಸುತ್ತೇನೆ. ಸಮುದ್ರದ ದಂಡೆ, ಇಕ್ಕಟ್ಟಾದ ಓಣಿ, ಒಂದು ಮನೆಯ ಕಿಟಕಿಯಿಂದ ಎದುರು ಮನೆಯ ಕಿಟಕಿಗೆ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆ, ಬೆಳಗಾದರೆ ಮೀನುಪೇಟೆಯಲ್ಲಿ ಜಗಳ, ಇಷ್ಟು ಸಿಕ್ಕಿತೋ, ಕನ್ನಡಕ ಒರೆಸಿಕೊಂಡು ಕೂತುಬಿಡುತ್ತೇನೆ. ಆಮೇಲೆ ಹಾಲು ಉಕ್ಕಿದರೂ ಏಳುವವಳಲ್ಲ.

"ಅಜ್ಜಿ, ನೀನು ಇಟಲಿ ನೋಡಿದ್ದೀಯಾ?" ಎಂದು ಮೊಮ್ಮಗಳು ಕೆಣಕುತ್ತಾಳೆ. ನಾನು ಗೋಕರ್ಣದಿಂದ ತೆಂಕಣಕ್ಕೆ, ಹುಬ್ಬಳ್ಳಿಯಿಂದ ಮೂಡಣಕ್ಕೆ ಹೋದವಳಲ್ಲ. ಆದರೂ ಇಟಲಿಯ ವಿಷಯಕ್ಕೆ ಬಂದರೆ ಸುಲಭಕ್ಕೆ ಸೋಲುವುದಿಲ್ಲ. ಯಾವ ಹಬ್ಬಕ್ಕೆ ಯಾವ ಸಂತನ ಮೂರ್ತಿಯನ್ನು ಹೊರುತ್ತಾರೆ, ಯಾವ ತಿಂಗಳಲ್ಲಿ ದ್ರಾಕ್ಷಿ ಕೊಯ್ಯುತ್ತಾರೆ, ವಿಧವೆಯರು ಯಾವ ಬಣ್ಣದ ಬಟ್ಟೆ ಉಡುತ್ತಾರೆ, ಎಲ್ಲ ಗೊತ್ತು. ಇದನ್ನೆಲ್ಲ ನಾನು ಕಲಿತದ್ದು ಭಾವಿಕೇರಿಯ ನಮ್ಮ ಮನೆಯ ಹಿಂಬದಿಯ ಜಗಲಿಯಲ್ಲಿ, ತೆಂಗಿನ ಗರಿಯ ಮಡ್ಲು ಹೆಣೆಯುತ್ತ.

ಮೂಲ ಹುಡುಕಿದರೆ ತಪ್ಪು ನನ್ನ ಅಪ್ಪನದು. ಅಪ್ಪ ಕಾರವಾರದಲ್ಲಿ ಗುಮಾಸ್ತರು. ಅವರಿಗೆ ಲಿಲಾವಿನ, ಎಂದರೆ ಹರಾಜಿನ, ಹುಚ್ಚು. ವರ್ಗವಾಗಿ ಹೋಗುವ ಬಿಳಿಯ ಅಧಿಕಾರಿಗಳು ಸ್ಟೀಮರ್ ಹತ್ತುವ ಮುಂಚೆ ಮನೆಯ ಸಾಮಾನನ್ನು ಲಿಲಾವಿಗೆ ಹಾಕುತ್ತಿದ್ದರು. ಅಪ್ಪ ಅಲ್ಲಿ ಹೋಗಿ ನಿಂತರೆ ಕೈ ತಾನೇ ಮೇಲೇಳುತ್ತಿತ್ತು. ಹಾಗೆ ನಮ್ಮ ಮನೆಗೆ ಗಾಜಿಲ್ಲದ ದೀಪ ಬಂತು, ಜೊತೆಯಿಲ್ಲದ ಒಂದೇ ಕುದುರೆ ಸವಾರಿಯ ಬೂಟು ಬಂತು. ಆ ಬೂಟಿನಲ್ಲಿ ಅಮ್ಮ ಬಹಳ ವರ್ಷ ಪೊರಕೆ ನಿಲ್ಲಿಸುತ್ತಿದ್ದಳು. ಒಂದು ಸಲ ಹಿತ್ತಾಳೆ ಮೂಲೆಕಟ್ಟಿನ ತೇಗದ ಪೆಟ್ಟಿಗೆ ತಂದರು. ಮುಚ್ಚಳ ತೆಗೆದರೆ ತುಂಬ ಇಂಗ್ಲಿಷ್ ಪುಸ್ತಕ. "ಇದನ್ನ ಅರೆದು ಸಾರು ಮಾಡ್ಲನಾ?" ಎಂದು ಅಮ್ಮ ಕೇಳಿದಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಪೇಟೆಗೆ ಹೋದರು.

ನಾನು ಆಗ ಹೈಸ್ಕೂಲಿನಲ್ಲಿದ್ದೆ. ಬೀದಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಇವುಗಳ ನಡುವೆ ಇಂಗ್ಲಿಷಿಗೆ ಸಿಕ್ಕಷ್ಟೇ ಜಾಗ. ಹತ್ತರಲ್ಲಿ ಮೂರು ಶಬ್ದ ಗೊತ್ತಾಗುತ್ತಿರಲಿಲ್ಲ. ಆದರೆ ಕೊಲೆಯ ಕತೆಯಲ್ಲಿ ಒಂದು ಅನುಕೂಲ ಇದೆ ನೋಡಿ: ಗೊತ್ತಾಗದ ಶಬ್ದವೇ ಸುಳಿವು ಇರಬಹುದೆಂದು ಓದುವವರು ಬಿಡುವುದಿಲ್ಲ. ನನಗೆ ಬಂದ ಇಂಗ್ಲಿಷಿನ ಮುಕ್ಕಾಲು ಪಾಲು ಹೆಣಗಳ ಪುಣ್ಯ.

ಮದುವೆಯಾಗಿ ಭಾವಿಕೇರಿಗೆ ಹೊರಟಾಗ ನನ್ನ ಸೀರೆಗಳನ್ನು ಅದೇ ಪೆಟ್ಟಿಗೆಯಲ್ಲಿ ಇಟ್ಟರು. ಸೀರೆ ಕಡಿಮೆ, ಪೆಟ್ಟಿಗೆ ದೊಡ್ಡದು. ಖಾಲಿ ಪೆಟ್ಟಿಗೆ ಎತ್ತುವವರ ಕೈಗೆ ಹಗುರವಾಗಿ ಬೀಗರೆದುರು ಮರ್ಯಾದೆ ಹೋದೀತೆಂದು ಅಮ್ಮನೇ ಅಡಿಯಲ್ಲಿ ಪುಸ್ತಕಗಳನ್ನು ಬಿಟ್ಟಳು. ಗಾಡಿಯಿಂದ ಇಳಿಸುವಾಗ ಇಬ್ಬರು ಆಳುಗಳು ಉಸ್ಸೆಂದದ್ದು ಕೇಳಿ ನನ್ನ ಅತ್ತೆಯ ಮುಖ ಅರಳಿತಂತೆ. ಆಮೇಲೆ ಮುಚ್ಚಳ ತೆಗೆದು ನೋಡಿದ್ದೂ ಅವರೇ.

"ಇದೆಂತದೇ ತಂಗಿ?"

"ಕತೆ ಪುಸ್ತಕ ಅತ್ತೆ."

ನಾನು ಹೆದರಿದ್ದೆ. ಅತ್ತೆ ಒಂದು ಪುಸ್ತಕ ಎತ್ತಿ ಮೂಸಿ ನೋಡಿ, ಮತ್ತೆ ಅಲ್ಲೇ ಇಟ್ಟರು. "ಹಂಗಾರೆ ಮಧ್ಯಾಹ್ನಕ್ಕೆ ಹೇಳು. ಕೈಗೆ ಬೇಕಾದಷ್ಟು ಕೆಲಸ ಅದೆ, ಕಿವಿಗೆ ಎಂತದೂ ಇಲ್ಲ" ಎಂದರು.

ಹೀಗೆ ನಮ್ಮ ಮಧ್ಯಾಹ್ನದ ಕತೆ ಶುರುವಾಯಿತು. ಕೇಳುವವರು ಮೂವರು. ಅತ್ತೆ, ನನ್ನ ದೊಡ್ಡ ವಾರಗಿತ್ತಿ ಮಾದೇವಕ್ಕ, ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಮತ್ತೆ ಬೇಲೇಕೇರಿ ದಂಡೆಯಿಂದ ಮೀನು ತರುವ ಸೋಮಿ. ಸೋಮಿ ಬುಟ್ಟಿ ಇಳಿಸಿದರೆ ಕತೆ ಮುಗಿಯುವವರೆಗೂ ಹೊರುತ್ತಿರಲಿಲ್ಲ. ಮುಂದಿನ ಮನೆಯವರಿಗೆ ಆ ದಿನ ಮೀನು ತಡವಾಗುತ್ತಿತ್ತು. ಕೇಳಿದರೆ, "ಎಂತ ಮಾಡೂದು, ಕೊಲೆ ಆಗದೆ" ಎನ್ನುತ್ತಿದ್ದಳಂತೆ.

ಮೊದಲು ಕೈಗೆ ಬಂದದ್ದು ಲಂಡನ್ನಿನ ಕತೆ. ಅದು ಎದ್ದು ನಿಲ್ಲಲೇ ಇಲ್ಲ. ಯಜಮಾನ ಓದುವ ಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ, ಹೆಂಡತಿ ಗಂಟೆ ಬಾರಿಸಿ ಆಳನ್ನು ಕರೆದು ಚಹಾ ತರಲು ಹೇಳುತ್ತಾಳೆ. ಅಲ್ಲಿಗೇ ಮಾದೇವಕ್ಕನ ಕೈ ನಿಂತಿತು.

"ಅಳೂರು ಯಾರೂ ಇಲ್ವೇನೆ ಆ ಊರಲ್ಲಿ?"

ನಾನು ಮುಂದಿನ ಪುಟಗಳನ್ನು ನೋಡಿ, ಇಲ್ಲ ಎಂದೆ. ಕೊನೆಯವರೆಗೂ ಯಾರೂ ಅಳುವುದಿಲ್ಲ.

"ಹಂಗಾರೆ ಅವ ಸತ್ತಿದ್ದೇ ಒಳ್ಳೇದಾಯ್ತು ಬಿಡು" ಎಂದಳು ಸೋಮಿ. ಲಂಡನ್ ಪೆಟ್ಟಿಗೆಯ ತಳಕ್ಕೆ ಹೋಯಿತು.

ಅದರ ಕೆಳಗೆ ಸಿಕ್ಕಿದ್ದು ಇಟಲಿ. ಯಾರೋ ಇಂಗ್ಲಿಷ್ ಹೆಂಗಸು ಬರೆದದ್ದು, ಒಬ್ಬನೇ ಪೊಲೀಸ್ ಪತ್ತೇದಾರನ ಮೇಲೆ ಒಂದು ಸಾಲು ಪುಸ್ತಕ. ಅವನ ಹೆಸರು ಬೆನೆದೆತ್ತೊ. ದಪ್ಪ ಆಳು, ಮಂಡಿನೋವು, ವಿಧುರ, ಅಕ್ಕನ ಮನೆಯಲ್ಲಿ ಇರುತ್ತಾನೆ, ಅಕ್ಕನಿಗೆ ಹೆದರುತ್ತಾನೆ. ಅವನ ಹೆಸರು ಮೊದಲ ಮಧ್ಯಾಹ್ನವೇ ಅತ್ತೆಯ ಬಾಯಲ್ಲಿ ದತ್ತಣ್ಣ ಆಯಿತು. ಅಕ್ಕನಿಗೆ ಹೆದರುವವನೆಂದ ಮೇಲೆ ನಮ್ಮವನೇ. ಅವನ ಊರಿನಲ್ಲಿ ಯಾರಾದರೂ ಸತ್ತರೆ ಓಣಿಗೆ ಓಣಿಯೇ ಎದೆ ಬಡಿದುಕೊಳ್ಳುತ್ತಿತ್ತು. ಸತ್ತವಳ ತಂಗಿ ಬಂದು ನಾದಿನಿಯ ಜುಟ್ಟು ಹಿಡಿಯುತ್ತಿದ್ದಳು. ಮುದುಕಿಯರು ಸಂತನ ಮೇಲೆ ಆಣೆ ಹಾಕಿ ಸುಳ್ಳು ಹೇಳುತ್ತಿದ್ದರು. "ಹಾಂ, ಇದು ಮನೆ" ಎಂದರು ಅತ್ತೆ.

ಇಷ್ಟು ವರ್ಷದ ಮೇಲೆ ನನಗೆ ಅನ್ನಿಸುವುದು ಇದು. ಬೇರೆ ದೇಶದ ಪತ್ತೇದಾರಿಯಲ್ಲಿ ಹೆಣ ಒಂದು ಲೆಕ್ಕ. ಬಿಡಿಸಿದರೆ ಮುಗಿಯಿತು. ಇಟಲಿಯಲ್ಲಿ ಹೆಣಕ್ಕೆ ನೆಂಟರಿರುತ್ತಾರೆ. ಪತ್ತೇದಾರನಿಗೆ ಕೊಲೆಗಾರನನ್ನು ಹಿಡಿಯುವುದು ಅರ್ಧ ಕೆಲಸ, ಆ ನೆಂಟರಿಂದ ತಪ್ಪಿಸಿಕೊಂಡು ಬರುವುದು ಇನ್ನರ್ಧ.

ಇನ್ನೊಂದು ಕಾರಣವೂ ಇತ್ತು. ಉಪ್ಪಿನ ಸತ್ಯಾಗ್ರಹ ಮುಗಿದು, ಕರ ಕೊಡಬೇಡಿ ಎಂಬ ಚಳವಳಿ ನಡೆದ ಮೇಲಿನ ವರ್ಷಗಳು ಅವು. ಅಂಕೋಲೆಯ ಸುತ್ತಿನಲ್ಲಿ ಒಬ್ಬಿಬ್ಬರಾದರೂ ಜೈಲು ಕಾಣದ ಕೇರಿ ಕಡಿಮೆ. ಪೊಲೀಸ್ ಟೊಪ್ಪಿಗೆ ಕಂಡರೆ ಹೆಂಗಸರು ಕದ ಮುಚ್ಚುತ್ತಿದ್ದರು. ಅಂಥ ಕಾಲದಲ್ಲಿ ಪೊಲೀಸಿನವನನ್ನು ಮನೆಯೊಳಗೆ ಕರೆದು ಕೂರಿಸಿ ಪ್ರೀತಿಸಬೇಕಾದರೆ ಅವನು ಬಹಳ ದೂರದವನಾಗಿರಬೇಕು. ದತ್ತಣ್ಣ ಏಳು ಸಮುದ್ರದಾಚೆಯವನು, ಅವನಿಂದ ನಮಗೆ ಭಯವಿಲ್ಲ. ಅದೇ ಹೊತ್ತಿಗೆ ಅವನ ನಿಜವಾದ ದೇಶದಲ್ಲಿ ಸರ್ವಾಧಿಕಾರಿಯ ಕಡೆಯ ಕರಿ ಅಂಗಿಯವರು ಏನು ಮಾಡುತ್ತಿದ್ದರು ಎಂದು ನಮಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಯುದ್ಧ ಬಂದ ಮೇಲೆ. ಆಗಲೂ ಸೋಮಿ, "ಅವರೆಲ್ಲ ಬೇರೆ, ದತ್ತಣ್ಣ ಬೇರೆ" ಎಂದು ತೀರ್ಪು ಕೊಟ್ಟಳು.

ಹೇಳುವವಳಿಗೆ ಕಷ್ಟ ಊಟದಲ್ಲಿ. ದತ್ತಣ್ಣ ಪುಟಕ್ಕೊಮ್ಮೆ ತಿನ್ನುತ್ತಾನೆ. ಅವನ ತಟ್ಟೆಯಲ್ಲಿ ಇರುವುದನ್ನು ನಾನು ಹುಟ್ಟಾ ಕಂಡಿಲ್ಲ. ಉಪ್ಪುನೀರಿನಲ್ಲಿ ಹಾಕಿಟ್ಟ ಹಸಿರು ಕಾಯಿ ಎಂದು ಬಂದರೆ ಅಮಟೆಕಾಯಿ ಎಂದೆ. ದ್ರಾಕ್ಷಿ ಮದ್ಯಕ್ಕೆ ಶೇಂದಿ ಎಂದೆ. ಉದ್ದುದ್ದ ಎಳೆಯ ಹಿಟ್ಟಿನ ತಿನಿಸು ಬಂದಾಗ ಶ್ಯಾವಿಗೆ ಎಂದೆ. ಅಲ್ಲಿಯವರೆಗೆ ಸರಿ. ಅದರ ಮೇಲೆ ಸಿಗಡಿ ಹಾಕಿಕೊಂಡು ತಿಂದ ಎಂದಾಗ ಗದ್ದಲವಾಯಿತು. ನಮ್ಮಲ್ಲಿ ಶ್ಯಾವಿಗೆಗೆ ಕಾಯಿಹಾಲು, ಬೆಲ್ಲ. ಅದಕ್ಕೆ ಸಿಗಡಿ ಸೇರಿಸುವುದೆಂದರೆ ಪಾಯಸಕ್ಕೆ ಬಂಗಡೆ ಹಾಕಿದ ಹಾಗೆ. ಆದರೂ ದತ್ತಣ್ಣ ತಿಂದಿದ್ದಾನಲ್ಲ. ಮಾರನೆಯ ದಿನ ಸೋಮಿ ಕೇಳದೆಯೇ ಸಿಗಡಿ ತಂದಳು. ಮಾದೇವಕ್ಕ ಶ್ಯಾವಿಗೆ ಒತ್ತಿದಳು. ಸಿಗಡಿಯ ಹುಳಿಗೆ ಮುರುಗಲ ಸಿಪ್ಪೆ ಸ್ವಲ್ಪ ಹೆಚ್ಚೇ ಬಿದ್ದಿತ್ತು. ಗಂಡಸರಿಗೆ ಬಡಿಸಿ ಬಾಗಿಲ ಸಂದಿನಲ್ಲಿ ನಿಂತು ನೋಡಿದೆವು. ಮಾವ ಒಂದು ತುತ್ತು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, "ಯಾರ ಮನೆ ಊಟ ಇದು?" ಎಂದರು.

ಎಲೆ ಪೂರ್ತಿ ಬಳಿದು ಉಂಡವರು ಭಾವ ಒಬ್ಬರೇ. ಭಾವ ಎಂದರೆ ಮಾದೇವಕ್ಕನ ಗಂಡ. ಸರಕು ಸಾಗಿಸುವ ನಮ್ಮ ಮನೆಯ ಮಚವೆಗೆ ಅವರೇ ತಾಂಡೇಲರು, ಎಂದರೆ ದೋಣಿ ನಡೆಸುವ ಮುಖ್ಯಸ್ಥರು. ಹಾಯಿ ಬಿಚ್ಚಿ ಹೋದರೆ ಮಂಗಳೂರಿನ ಹೆಂಚು, ಗೋವೆಯ ತೆಂಗಿನಕಾಯಿ, ಏನು ಸಿಕ್ಕರೆ ಅದನ್ನು ತುಂಬಿಕೊಂಡು ಬರುವವರು. ಊರಲ್ಲಿದ್ದ ದಿನ ಅವರೂ ಕತೆ ಕೇಳುತ್ತಿದ್ದರು. ಹೆಂಗಸರ ನಡುವೆ ಕೂರುವ ಹಾಗಿಲ್ಲವಾದ್ದರಿಂದ ಬಾವಿಕಟ್ಟೆಯ ಹತ್ತಿರ ಹಗ್ಗ ಹೊಸೆಯುವ ನೆಪ. ನೀರಿನ ಮೇಲೆ ಕಟ್ಟಿದ ಊರಿನ ಕತೆ ಹೇಳುತ್ತಿದ್ದಾಗ ಅವರಿಗೆ ತಡೆಯಲಿಲ್ಲ. "ಓಣಿ ತುಂಬ ನೀರಾದ್ರೆ ಮಳೆಗಾಲಕ್ಕೆ ಎಂತ ಮಾಡ್ತ್ರು ಕೇಳೇ ಅದ್ರ ಹತ್ರ" ಎಂದು ಅಲ್ಲಿಂದಲೇ ಹೆಂಡತಿಗೆ ಕೂಗಿದರು. ಅತ್ತೆ "ನೀ ಹಗ್ಗ ನೋಡ್ಕ" ಎಂದು ಗದರಿದರು. ಭಾವ ನಕ್ಕರು. ಜೋರಾಗಿ ನಗುವ ಮನುಷ್ಯ.

ಊಟದ ತಾಪತ್ರಯ ಹೀಗಾದರೆ ಒಲೆಯದು ಇನ್ನೊಂದು. ಒಂದು ಕತೆಯಲ್ಲಿ ಸಾಹುಕಾರ ಮುದುಕಿ ಮಾಳಿಗೆಯ ಮೇಲೆ ಹಾಸಿಗೆಯಲ್ಲೇ ಸತ್ತಿದ್ದಾಳೆ. ದತ್ತಣ್ಣ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ನೋಡಿ, ಕೆಳಗೆ ಬಂದು ಊಟಕ್ಕೆ ಕೂತ. ಸೋಮಿ ಕೈ ಅಡ್ಡ ಹಿಡಿದಳು.

"ತಡಿ ತಡಿ. ಹೆಣ ಇನ್ನೂ ಮೇಲೇ ಅದೆ?"

"ಅದೆ."

"ಕೆಳಗೆ ಒಲೆ ಹೊತ್ತಿಸ್ಯಾರೆ?"

"ಹೊತ್ತಿಸಿದ್ದಾರೆ."

"ಮತ್ತೆ ದತ್ತಣ್ಣ ಹುಡುಕೂದೆಂತದು? ಅಡುಗೆ ಮಾಡಿದವಳೇ ಕೊಂದದ್ದು."

ಉಳಿದವರೂ ತಲೆಯಾಡಿಸಿದರು. ಹೆಣ ಹೊರಗೆ ಹೋಗುವವರೆಗೆ ನಮ್ಮಲ್ಲಿ ಮನೆಯ ಒಲೆಗೆ ಬೆಂಕಿ ಬೀಳುವುದಿಲ್ಲ. ಮಕ್ಕಳಿಗೆ ನೆರೆಮನೆಯಿಂದ ಗಂಜಿ ಬರುತ್ತದೆ. ಸತ್ತವಳನ್ನು ಮೇಲಿಟ್ಟುಕೊಂಡು ಕೆಳಗೆ ಒಗ್ಗರಣೆ ಹಾಕುವ ಕಲ್ಲೆದೆ ಕೊಲೆಗಾರರಿಗಲ್ಲದೆ ಯಾರಿಗುಂಟು? ಅಂದಿನಿಂದ ನಾನೊಂದು ಉಪಾಯ ಮಾಡಿಕೊಂಡೆ. ಪುಸ್ತಕದಲ್ಲಿ ಹೆಣ ಎಷ್ಟೇ ದಿನ ಮನೆಯಲ್ಲಿರಲಿ, ನಾನು ಮಾತ್ರ ಎರಡನೆಯ ಪುಟಕ್ಕೇ ಅದನ್ನು ಇಗರ್ಜಿಗೆ ಸಾಗಿಸಿಬಿಡುತ್ತಿದ್ದೆ. ಆಮೇಲೆ ಎಲ್ಲರೂ ನಿಶ್ಚಿಂತೆಯಿಂದ ಉಣ್ಣಬಹುದು. ಒಮ್ಮೆ ಸಾಗಿಸುವ ಅವಸರದಲ್ಲಿ ಸಾಕ್ಷಿಯೂ ಹೊರಟುಹೋಯಿತು. ಕೊನೆಯಲ್ಲಿ ದತ್ತಣ್ಣ, ವಿಷದ ಕುಪ್ಪಿ ಸತ್ತವಳ ದಿಂಬಿನ ಅಡಿಯಲ್ಲೇ ಇತ್ತು ಎಂದು ಗುಟ್ಟು ಬಿಚ್ಚಿದ.

ಮಾದೇವಕ್ಕ ತಲೆಯೆತ್ತಿದಳು. "ಹೆಣ ಎತ್ತುವಾಗ ಯಾರಿಗೂ ಕಾಣಲಿಲ್ವೇನೆ ತಂಗಿ?"

ನಾನು ಕೆಮ್ಮಿದೆ. ಬಹಳ ಹೊತ್ತು ಕೆಮ್ಮಿದೆ. ಅತ್ತೆ ನೀರು ತಂದುಕೊಟ್ಟರು.

ಕೇಳುವವರಲ್ಲಿ ಮಾದೇವಕ್ಕನೇ ಗಟ್ಟಿ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಮಾತೂ ಕಡಿಮೆ. ಸೋಮಿ ಕತೆ ಶುರುವಾದ ಕೂಡಲೇ ಕೊಲೆಗಾರನನ್ನು ಹಿಡಿದು, ನಾಳೆ ಅವನನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿಯುವವಳು. ಅತ್ತೆಗೆ ಕೊಲೆಗಾರ ಯಾರಾದರೂ ಆಗಲಿ, ಅಳುವ ಭಾಗ ಚೆನ್ನಾಗಿರಬೇಕು. ಮಾದೇವಕ್ಕ ಮಾತ್ರ ದತ್ತಣ್ಣ ಕೇಳುವ ಪ್ರಶ್ನೆಗಳನ್ನು ಹಿಡಿದಿಟ್ಟುಕೊಳ್ಳುತ್ತಿದ್ದಳು. ಅವನದೊಂದು ರೀತಿ ಇತ್ತು. ಸಾಕ್ಷಿ ಹೇಳುವವರನ್ನು ಅವನು ಗದರಿಸುವುದಿಲ್ಲ. ಪಕ್ಕದಲ್ಲಿ ಕೂತು, ಮಂಡಿ ತಿಕ್ಕಿಕೊಳ್ಳುತ್ತ, ನೀನು ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ಅಂದುಕೊಂಡದ್ದೆಷ್ಟು ಎಂದು ಮೆಲ್ಲಗೆ ಬೇರೆ ಮಾಡಿಸುತ್ತಾನೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. ಆ ಭಾಗ ಬಂದಾಗ ಮಾದೇವಕ್ಕ, "ಇನ್ನೊಂದ್ಸಲ ಹೇಳು" ಎನ್ನುತ್ತಿದ್ದಳು.

ಒಂದು ವರ್ಷ ಮಳೆ ಹಿಡಿಯುವ ಮುಂಚಿನ ಕೊನೆಯ ಸವಾರಿಗೆ ಹೋದ ಮಚವೆ ತಿರುಗಿ ಬರಲಿಲ್ಲ. ಬೇಲೇಕೇರಿಯ ಬಂದರು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿದ್ದರಂತೆ. ಒಮ್ಮೆಲೇ ಗಾಳಿ ಎದ್ದು ಮಗುಚಿಕೊಂಡಿತು. ಖಲಾಸಿಗಳಲ್ಲಿ ಹೊನ್ನಪ್ಪ ಎಂಬವನು ಈಸಿ ದಡಕ್ಕೆ ಬಿದ್ದ. ಇನ್ನೊಬ್ಬನ ಹೆಣ ಮರುದಿನ ದಂಡೆಗೆ ಬಂತು. ಮುರಿದ ಹಲಗೆಗಳೂ ಬಂದವು. ಭಾವ ಬರಲಿಲ್ಲ. ಸೋಮಿಯ ಕಡೆಯ ಗಂಡಸರು ಆ ಸಮುದ್ರದಲ್ಲೂ ದೋಣಿ ಇಳಿಸಿ ಹುಡುಕಿದರು. ನನ್ನ ಗಂಡ ದಂಡೆಗುಂಟ ಗಂಗಾವಳಿ ಹೊಳೆಯ ಬಾಯಿಯವರೆಗೆ ನಡೆದು, ಮತ್ತೆ ಇತ್ತ ಕಾರವಾರದವರೆಗೆ ನಡೆದು ಬರಿಗೈಲಿ ಬಂದರು. ಆಮೇಲೆ ಮಳೆಗಾಲ ಕೂತಿತು. ಹಿಂಬದಿಯ ಜಗಲಿಯಲ್ಲಿ ಯಾರೂ ಕತೆ ಕೇಳಲಿಲ್ಲ, ನಾನೂ ಪೆಟ್ಟಿಗೆ ಮುಟ್ಟಲಿಲ್ಲ. ಮನೆಯಲ್ಲಿ ಹೆಣವಿಲ್ಲ, ಹೀಗಾಗಿ ಒಲೆ ಉರಿಯುತ್ತಿತ್ತು. ಅನ್ನ ಬೇಯುತ್ತಿತ್ತು, ಉಣ್ಣುವವರಿರಲಿಲ್ಲ.

ಮಾದೇವಕ್ಕ ದಿನಾ ಬೆಳಿಗ್ಗೆ ಮಿಂದು ಹಣೆಗೆ ಕುಂಕುಮ ಇಡುತ್ತಿದ್ದಳು. ಅದನ್ನು ನೋಡಿ ಬಂದವರು ತಲೆ ತಗ್ಗಿಸುತ್ತಿದ್ದರು. ಹೀಗೇ ಚೌತಿ ಕಳೆದು ಮಾಲಯದ ಪಕ್ಷ ಹತ್ತಿರ ಬಂತು. ಸತ್ತ ಹಿರಿಯರನ್ನೆಲ್ಲ ಹೆಸರು ಹಿಡಿದು ಕರೆದು ಉಣ್ಣಿಸುವ ದಿನಗಳು. ಆಗ ಅತ್ತೆ ಬಾಯಿಬಿಟ್ಟರು.

"ಎಲ್ಲರ ಹೆಸರೂ ಕರೀತ್ರು. ನನ್ನ ಮಗ ಒಬ್ಬ ಅಂಗಳದಾಚೆ ಹಸ್ಕಂಡಿ ನಿಂತಿರ್ತ. ನಾ ಒಳಗೆ ಹ್ಯಾಂಗೆ ಉಣ್ಲಿ?"

"ಬದುಕಿದ್ದವಗೆ ಪಿಂಡ ಹಾಕಿದ್ರೆ ಎಂತ ಆಗ್ತದೆ ಅತ್ತೆ?" ಎಂದಳು ಮಾದೇವಕ್ಕ.

ಇಬ್ಬರದೂ ಸರಿ. ನಡುವೆ ನಾನು ತೆಂಗಿನಕಾಯಿ ತುರಿಯುತ್ತ ಕೂತಿದ್ದೆ.

ಮಾವ ಭಟ್ಟರನ್ನು ಕರೆಸಿದರು. ದೇಹ ಸಿಗದಿದ್ದರೂ ದಾರಿ ಇದೆ, ದರ್ಭೆಯಲ್ಲಿ ಆಕಾರ ಮಾಡಿ ದಹನ ಮಾಡಬಹುದು ಎಂದರು ಭಟ್ಟರು. ಅವರು ಕಠಿಣ ಮನುಷ್ಯರಲ್ಲ, ಮೆಲ್ಲನೆಯೇ ಹೇಳಿದರು. ದರ್ಭೆ ಸುಟ್ಟ ದಿನವೇ ಮಾದೇವಕ್ಕನ ಬಳೆ ಒಡೆಯಬೇಕು, ಕುಂಕುಮ ಅಳಿಸಬೇಕು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎದುರಿನ ಜಗಲಿಯಲ್ಲಿ ಮಾವ, ಭಟ್ಟರು, ನನ್ನ ಗಂಡ. ಕೆಳಗೆ ಅಂಗಳದಲ್ಲಿ ಹೊನ್ನಪ್ಪ. ಅವನ ಮಾತು ಇನ್ನೊಮ್ಮೆ ಕೇಳಿ ತೀರ್ಮಾನ ಮಾಡೋಣವೆಂದು ಕರೆಸಿದ್ದರು. ಬಾಗಿಲ ಒಳಗೆ ನಾವು ಹೆಂಗಸರು. ನಮ್ಮಲ್ಲಿ ಸೊಸೆಯಂದಿರು ಮಾವನೆದುರು ಮಾತಾಡುವಂತಿಲ್ಲ. ಏನಾದರೂ ಹೇಳುವುದಿದ್ದರೆ ಒಳಗಿನಿಂದ ಅತ್ತೆಗೆ ಹೇಳಬೇಕು, ಅತ್ತೆ ಹೊಸ್ತಿಲ ಮೇಲೆ ನಿಂತು ಅದನ್ನು ಹೊರಗೆ ದಾಟಿಸಬೇಕು. ಸೊಸೆ ಹೇಳಿದ್ದನ್ನು ದಾಟಿಸದೆ ನುಂಗುವ ಅಧಿಕಾರ ಅತ್ತೆಗಿತ್ತು. ಎಷ್ಟೋ ಮನೆಗಳಲ್ಲಿ ಎಷ್ಟೋ ಮಾತು ಹಾಗೆ ಹೊಸ್ತಿಲಲ್ಲೇ ಸಾಯುತ್ತಿತ್ತು.

ಹೊನ್ನಪ್ಪ ಹೇಳಿದ್ದು ಎರಡೇ ಮಾತು. "ಮಚವೆ ಎರಡು ಸಲ ಹೊರಳ್ತು. ತಾಂಡೇಲರು ಹೋದ್ರು."

ಮಾದೇವಕ್ಕ ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅವಳು ಅತ್ತೆಯ ಸೀರೆಯ ಸೆರಗು ಹಿಡಿದು ಜಗ್ಗಿದಳು. ಪಿಸುಮಾತಿನಲ್ಲಿ ಏನೋ ಹೇಳಿದಳು. ಅತ್ತೆ ಸ್ವಲ್ಪ ತಡೆದರು. ಈ ಮಾತನ್ನೂ ನುಂಗಿಬಿಡುತ್ತಾರೆ ಎಂದೇ ನಾನು ಅಂದುಕೊಂಡೆ.

"ಮಾದೇವಿ ಕೇಳ್ತದೆ," ಎಂದರು ಅತ್ತೆ ಹೊರಗೆ ತಿರುಗಿ, "ಮಗುಚಿದ ಮೇಲೆ ನೀ ಅವನ ಕಂಡ್ಯಾ?"

"ಕಂಡೆ ಅಮ್ಮ. ಒಂದು ಹಲಗೆ ಹಿಡ್ಕಂಡಿದ್ರು."

ಮತ್ತೆ ಸೆರಗು ಜಗ್ಗಿತು.

"ಮಾದೇವಿ ಕೇಳ್ತದೆ, ಹಲಗೆ ಕೈಬಿಟ್ಟದ್ದು ಕಂಡ್ಯಾ?"

"ಬಿಟ್ಟೇ ಹೋಗಿರ್ಬೇಕು ಅಮ್ಮ. ಆ ಅಲೆಗೆ ಯಾರು ಹಿಡ್ಕಂತ್ರು?"

ಮಾದೇವಕ್ಕ ಈ ಸಲ ಹೇಳಿದ್ದು ನನಗೂ ಸ್ಪಷ್ಟ ಕೇಳಿಸಿತು. ಅತ್ತೆ ಅದನ್ನು ಒಂದಕ್ಷರ ಬಿಡದೆ ದಾಟಿಸಿದರು. "ಇರಬೇಕು ಅನ್ನೂದು ಬೇಡ. ಕಣ್ಣಲ್ಲಿ ಕಂಡದ್ದು ಹೇಳು."

"ಕಂಡಿದ್ದಿಲ್ಲ" ಎಂದ ಹೊನ್ನಪ್ಪ.

ಭಟ್ಟರು ಮಾವನ ಮುಖ ನೋಡಿದರು. ಮಾವ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಹಗ್ಗ ಸೊಂಟಕ್ಕೆ ಕಟ್ಟಿಕೊಂಡಿದ್ದರಾ, ದಡ ಯಾವ ಬದಿಗಿತ್ತು, ನೀರಿನ ಸೆಳೆತ ಯಾವ ಕಡೆಗಿತ್ತು, ಒಂದೊಂದೇ ಪ್ರಶ್ನೆ ಒಳಗಿನಿಂದ ಬಂತು. ಅತ್ತೆ ಒಂದೊಂದನ್ನೇ ಹೊರಗೆ ದಾಟಿಸಿದರು. ಅತ್ತೆಯ ದನಿ ಬರಬರುತ್ತ ಬೇರೆಯಾಯಿತು. ದರ್ಭೆ ಸುಡಲೇಬೇಕೆಂದು ಹಟ ಹಿಡಿದವರು ಅವರು. ಈಗ ಸೊಸೆಯ ಪ್ರಶ್ನೆಗೆ ಬಾಯಿ ಕೊಡುತ್ತ ಕೊಡುತ್ತ ಅವರಿಗೂ ಉತ್ತರ ಬೇಕಾಗಿತ್ತು. ಕೊನೆಗೆ ಸೆರಗು ಜಗ್ಗುವ ಮುಂಚೆಯೇ, ಮಾದೇವಿ ಎನ್ನದೆ, ತಾವಾಗಿಯೇ ಕೇಳಿದರು.

"ಅವ ಎಂತಾರೂ ಹೇಳಿದ್ನನಾ ಹೊನ್ನಪ್ಪ?"

ಹೊನ್ನಪ್ಪ ಹೆಗಲ ಮೇಲಿನ ಪಂಚೆಯಿಂದ ಮುಖ ಒರೆಸಿಕೊಂಡ. ಇದನ್ನು ಅವನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

"ಹೇಳಿದ್ರು ಅಮ್ಮ. ನಾ ಅವರ ಬದಿಗೆ ಈಸ್ಕಂಡಿ ಬತ್ತೇ ಇದ್ದೆ. 'ನನ್ನ ಕಾಯ್ಬೇಡ, ನೀ ಹೋಗು' ಅಂದ್ರು."

ಅಷ್ಟಾದ ಮೇಲೆ ಯಾರಿಗೂ ಪತ್ತೇದಾರನ ಅಗತ್ಯ ಉಳಿಯಲಿಲ್ಲ. ನನ್ನ ಗಂಡ ಎದ್ದು ಅಂಗಳಕ್ಕಿಳಿದು ಬೆನ್ನು ತಿರುಗಿಸಿ ನಿಂತರು. ಭಟ್ಟರು ನಿಟ್ಟುಸಿರಿಟ್ಟು ಪಂಚಾಂಗ ಬಿಚ್ಚಿದರು. ನಾನು ಮಾದೇವಕ್ಕನ ಕಡೆ ನೋಡಿದೆ. ಅವಳ ಕೈ ಅತ್ತೆಯ ಸೆರಗನ್ನು ಬಿಟ್ಟು ಮಡಿಲಲ್ಲಿ ಬಿದ್ದಿತ್ತು. ಬಳೆಗಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದಳು. ಗಂಡ ಕೊನೆಗೆ ಹೇಳಿದ ಮಾತು ಅವಳಿಗೂ ಹೇಳಿದ ಹಾಗೆಯೇ ಇತ್ತಲ್ಲ. ಇನ್ನು ಅವಳ ಹತ್ತಿರ ಪ್ರಶ್ನೆ ಇರಲಿಲ್ಲ.

ಅತ್ತೆ ಹೊಸ್ತಿಲ ಮೇಲೆ ನಿಂತೇ ಒಳಗೆ ತಿರುಗಿ ಕಾದರು. ಮಾದೇವಕ್ಕನನ್ನು ನೋಡಿದರು. ಅವಳ ಬಾಯಿ ತೆರೆಯಲಿಲ್ಲ. ಅತ್ತೆ ಅವಳ ಕೈಗಳನ್ನು ನೋಡಿದರು. ಆಮೇಲೆ ಹೊರಗೆ ತಿರುಗಿದರು.

"ಮಾದೇವಿ ಕೇಳ್ತದೆ," ಎಂದರು, "ಆಮೇಲೆ ನೀ ತಿರುಗಿ ನೋಡಿದ್ಯಾ?"

"ಇಲ್ಲ ಅಮ್ಮ. ತಿರುಗಿ ನೋಡೂಕೆ ನಂಗೆ ಧೈರ್ಯ ಬರಲಿಲ್ಲ."

"ಹಂಗಾರೆ ಭಟ್ರೇ, ನನ್ನ ಮಗ ಸತ್ತದ್ದು ಕಂಡವರು ಯಾರೂ ಇಲ್ಲ. ಪಂಚಾಂಗ ಮಡಚಿ."

ಭಟ್ಟರು ಮಾವನ ಕಡೆ ನೋಡಿದರು. ಮಾವ ಕಣ್ಣು ತೆರೆಯದೆಯೇ ತಲೆಯಾಡಿಸಿದರು. ಮಾದೇವಕ್ಕ ಕೇಳದ ಪ್ರಶ್ನೆ ಅದು ಎಂಬುದು ಬಾಗಿಲೊಳಗಿದ್ದ ನಮಗೆ ಮೂವರಿಗೆ ಬಿಟ್ಟರೆ ಯಾರಿಗೂ ಗೊತ್ತಾಗಲಿಲ್ಲ. ನಮ್ಮ ನಮ್ಮಲ್ಲೂ ಅದರ ಮಾತು ಮತ್ತೆ ಬರಲಿಲ್ಲ.

ಆ ಮಾಲಯಕ್ಕೆ ಭಾವನ ಹೆಸರು ಕರೆಯಲಿಲ್ಲ. ಮುಂದೆಯೂ, ಅತ್ತೆ ಬದುಕಿದ್ದಷ್ಟು ವರ್ಷ, ಕರೆಯಲಿಲ್ಲ. ಪ್ರತಿ ಮಾಲಯದಲ್ಲೂ ಅತ್ತೆ ಎಲೆಯ ಮುಂದೆ ಕೂತು, ಅನ್ನ ಕಲಸಿ, ಕಲಸಿ, ಹಾಗೇ ಏಳುತ್ತಿದ್ದರು. ಅವರು ಹೋಗುವ ಹೊತ್ತಿಗೆ ಬಾಯಿಗೆ ಕೊನೆಯ ನೀರು ಬಿಟ್ಟವಳು ಮಾದೇವಕ್ಕ. ಲೋಟ ಹಿಡಿದ ಅವಳ ಕೈಯಲ್ಲಿ ಬಳೆ ತುಂಬ ಇದ್ದವು.